ಮಳೆಗಾಲ ಮತ್ತು ಸರ್ವರಿನ ಫರ್ಮ್‌ವೇರ್



ಬಣಕಲ್ಲಿನ ಮಳೆಯನ್ನು ನೀವು ಬಲ್ಲಿರಿ. ಜೂನ್ ತಿಂಗಳು ಕಳೆಯುವುದರೊಳಗೆ ಎಲ್ಲೋ ಒಂದು ಮರ ತಂತಿಯ ಮೇಲೆ ಒರಗಿತೆಂದರೆ, ದೀಪ ಮತ್ತೆ ಯಾವಾಗ ಬಂದೀತೆಂದು ಹೇಳುವವರಿಲ್ಲ. ಇಂಥ ಊರಿನ ತೋಟದ ಕಚೇರಿಯೊಂದರಲ್ಲಿ ಹಾಜರಿ, ಕೂಲಿ, ಕಾಫಿಯ ತೂಕ ಎಲ್ಲ ಲೆಕ್ಕವನ್ನೂ ಹೊತ್ತ ಲಿನಕ್ಸ್ ಸರ್ವರ್ ಇದೆಯೆಂದು ಇಟ್ಟುಕೊಳ್ಳಿ. ಅದರ ಫರ್ಮ್‌ವೇರನ್ನು ಬದಲಿಸಬೇಕೆ? ಬದಲಿಸುವುದಾದರೆ ಯಾವಾಗ?

ಫರ್ಮ್‌ವೇರ್ ಎಂದರೆ ಡಿಸ್ಕು, ನೆಟ್‌ವರ್ಕ್ ಕಾರ್ಡು, ಮದರ್‌ಬೋರ್ಡುಗಳ ಚಿಪ್ಪಿನಲ್ಲಿ ತಯಾರಕರೇ ಬರೆದಿಟ್ಟ ಪುಟ್ಟ ತಂತ್ರಾಂಶ. ಲಿನಕ್ಸ್ ಕಣ್ಣು ಬಿಡುವ ಮೊದಲೇ ಅದು ಕೆಲಸಕ್ಕೆ ತೊಡಗಿರುತ್ತದೆ. ಲಿನಕ್ಸಿನ ಹೊಸ ಕರ್ನಲ್ ಕೈಕೊಟ್ಟರೆ ಹಳೆಯದನ್ನು ಆರಿಸಿಕೊಂಡು ಯಂತ್ರ ನಡೆಸಬಹುದು. ಫರ್ಮ್‌ವೇರ್ ಅರ್ಧ ಬರೆದಿರುವಾಗ ವಿದ್ಯುತ್ತು ಹೋದರೆ, ಎರಡನೆಯ ಪ್ರತಿಯನ್ನು ಒಳಗೇ ಇಟ್ಟುಕೊಂಡಿರುವ ಯಂತ್ರಗಳ ಹೊರತು, ಮಿಕ್ಕವಕ್ಕೆ ಆ ಭಾಗ್ಯವಿಲ್ಲ.

ಹಾಗಾದರೆ ಮುಟ್ಟದಿರುವುದೇ ಲೇಸು ಎನ್ನುವಿರಿ. ಹಲವರ ಅಭಿಪ್ರಾಯ ಅದೇ, ನನಗದು ಒಪ್ಪಿಗೆಯಿಲ್ಲ. 2019ರ ಆಗಸ್ಟಿನಲ್ಲಿ ಚಾರ್ಮಾಡಿ ಘಾಟಿ ಕುಸಿದು ದಾರಿ ಕಟ್ಟಿದ್ದನ್ನು ನೀವು ಮರೆತಿರಲಾರಿರಿ. ಅದೇ ವರ್ಷದ ನವೆಂಬರಿನಲ್ಲಿ ಹ್ಯೂಲೆಟ್ ಪ್ಯಾಕರ್ಡ್ ಎಂಟರ್‌ಪ್ರೈಸ್ ಕಂಪನಿ ತನ್ನ ಕೆಲವು ಎಸ್‌ಎಸ್‌ಡಿ ಡಿಸ್ಕುಗಳ ವಿಷಯವಾಗಿ ಒಂದು ಎಚ್ಚರಿಕೆ ಹೊರಡಿಸಿತು. 32,768 ಗಂಟೆ ಓಡಿದೊಡನೆ ಅವು ನಿಂತುಹೋಗುತ್ತವೆ. ಡಿಸ್ಕೂ ಇಲ್ಲ, ಒಳಗಿನ ಲೆಕ್ಕವೂ ಮರಳದು. ಅಂದರೆ 3 ವರ್ಷ, 270 ದಿನ, 8 ಗಂಟೆ. ಎರಡನ್ನು ಹದಿನೈದು ಸಲ ಇಟ್ಟು ಗುಣಿಸಿದರೆ ಬರುವ ಸಂಖ್ಯೆಯೂ ಇದೇ ಎಂಬುದನ್ನು ಗಣಿತ ಬಲ್ಲವರು ಗಮನಿಸಬೇಕು. ಡಿಸ್ಕು ಸವೆದದ್ದಲ್ಲ, ಫರ್ಮ್‌ವೇರಿನಲ್ಲಿದ್ದ ತಪ್ಪು. 2020ರ ಮಾರ್ಚಿನಲ್ಲಿ ಇನ್ನು ಕೆಲವು ಡಿಸ್ಕುಗಳಿಗೆ 40,000 ಗಂಟೆಯ ಗಡುವು ಹೊರಬಿತ್ತು.

ಒಂದು ಡಿಸ್ಕು ಹೋದರೆ ಇನ್ನೊಂದಿರಲಿ ಎಂದು ಸರ್ವರಿನಲ್ಲಿ ಜೋಡಿಯಾಗಿ ಹಾಕುವುದುಂಟು. ಆದರೆ ಒಂದೇ ದಿನ ಚಾಲೂ ಮಾಡಿದ ಜೋಡಿ ಹೆಚ್ಚುಕಡಮೆ ಒಂದೇ ಗಳಿಗೆಯಲ್ಲಿ ಹೋಗುತ್ತದೆ! ಎರಡಕ್ಕೂ ಮದ್ದು ಹೊಸ ಫರ್ಮ್‌ವೇರ್ ಒಂದೇ ಆಗಿತ್ತು.

ಲಿನಕ್ಸಿನಲ್ಲಿ ಈ ಕೆಲಸಕ್ಕೆ ಎಫ್‌ಡಬ್ಲ್ಯುಅಪ್‌ಡಿ ಎಂಬ ಉಪಕರಣವಿದೆ. ರಿಚರ್ಡ್ ಹ್ಯೂಸ್ ಎಂಬವರು ಆರಂಭಿಸಿದ್ದು. ತಯಾರಕರು ಒಂದು ಸಾರ್ವಜನಿಕ ಭಂಡಾರಕ್ಕೆ ಒಪ್ಪಿಸಿದ ಫರ್ಮ್‌ವೇರನ್ನು ಇದು ತಂದು, ಅದರ ರುಜುವನ್ನು ಪರೀಕ್ಷಿಸಿಯೇ ಬರೆಯುತ್ತದೆ. ಎಲ್ಲ ತಯಾರಕರೂ ಎಲ್ಲವನ್ನೂ ಅಲ್ಲಿ ಇಟ್ಟಿಲ್ಲ. ಇಲ್ಲದಿದ್ದರೆ ತಯಾರಕರ ಸ್ವಂತ ತಾಣವೇ ಗತಿ. ಮೂರನೆಯವರು ಕೊಟ್ಟ ಕಡತವನ್ನು ಮಾತ್ರ ಮುಟ್ಟಬೇಡಿ.

ಮೊದಲು ಲೆಕ್ಕದ ಪ್ರತಿ ತೆಗೆದು ಬೇರೆ ಕಡೆ ಇಡಿ. ಅದನ್ನು ಒಮ್ಮೆ ತೆರೆದು ನೋಡಿ, ತೆರೆಯದ ಪ್ರತಿ ಪ್ರತಿಯಲ್ಲ. ಯುಪಿಎಸ್ ಇದೆ ಎಂದರೆ ಸಾಲದು, ಮೇನ್ ಸ್ವಿಚ್ ಆರಿಸಿ ಅದು ಎಷ್ಟು ನಿಮಿಷ ಹೊರುತ್ತದೆಂದು ಗಡಿಯಾರ ಹಿಡಿದು ಅಳೆಯಿರಿ. ಹೊಸ ಫರ್ಮ್‌ವೇರಿನ ಟಿಪ್ಪಣಿಯನ್ನು ಓದಿ. ಒಂದು ದಿನಕ್ಕೆ ಒಂದೇ ಭಾಗ. ಜೋಡಿ ಡಿಸ್ಕಿನಲ್ಲಿ ಒಂದನ್ನು ಬದಲಿಸಿ, ಸರ್ವರನ್ನು ಮತ್ತೆ ಚಾಲೂ ಮಾಡಿ, ಜೋಡಿ ಸರಿಯಾಗಿದೆಯೆಂದು ಕಂಡ ಮೇಲೆಯೇ ಮತ್ತೊಂದು. ಇವಕ್ಕೆಲ್ಲ ಏಪ್ರಿಲ್ ಒಳ್ಳೆಯ ತಿಂಗಳು.

ಆದರೆ ಜುಲೈಯಲ್ಲಿ, ಅಂಥದೇ ಡಿಸ್ಕು 32,000 ಗಂಟೆ ದಾಟಿದೆಯೆಂದು ಸ್ಮಾರ್ಟ್‌ಸಿಟಿಎಲ್ ಆಜ್ಞೆ ತೋರಿಸಿದರೆ? ಉಳಿದದ್ದು 32 ದಿನ. ಮಳೆ ನಿಲ್ಲಲೆಂದು ಕಾಯುವಂತಿಲ್ಲ. ತೋಟದ ಡೀಸೆಲ್ ಜನರೇಟರನ್ನು ಹಚ್ಚಿ, ಯುಪಿಎಸ್ಸನ್ನು ಅದಕ್ಕೆ ಜೋಡಿಸಿ, ಅಂದೇ ಮಾಡಿ ಮುಗಿಸಬೇಕು.