ಗಡಿಯೂರಿನ ಕೊಳಗ

(ಸಾಗರದಲ್ಲಿ ಗಿರಣಿ ಕೆಲಸಗಾರರು ಮತ್ತು ಸಣ್ಣ ವ್ಯಾಪಾರಿಗಳ ಮುಂದೆ ಮಾಡಿದ ಭಾಷಣ)



ನಮ್ಮ ಪೇಟೆಯ ಬಾಳುವೆಯ ಬಗ್ಗೆ ನಾಲ್ಕು ಮಾತು ಹೇಳಬೇಕೆಂದು ಕೇಳಿದಿರಿ. ಪೇಟೆ ಎಂದಕೂಡಲೆ ಅಡಿಕೆ ಧಾರಣೆಯ ಮಾತು ಬಾಯಿಗೆ ಬರುತ್ತದೆ. ಇವತ್ತು ಅದನ್ನು ಬದಿಗಿಟ್ಟು ಕೊಳಗದ ಮಾತಾಡೋಣ. ಇಲ್ಲಿ ಕುಳಿತ ಕಿರಿಯರಲ್ಲಿ ಅನೇಕರು ಅದನ್ನು ಕಂಡಿರಲಾರರು. ಕಂಡ ಹಿರಿಯರಿಗೂ ಈಗ ಅದು ಅಟ್ಟದ ಮೇಲಿನ ಸಾಮಾನು.

ನಮ್ಮದು ಗಡಿಯ ಸೀಮೆಯಾಗಿತ್ತು ಎಂಬುದನ್ನು ಮೊದಲು ನೆನಪು ಮಾಡಿಕೊಳ್ಳೋಣ. 1956ರ ನವೆಂಬರ್ 1ರವರೆಗೆ ಸಾಗರ, ಹೊಸನಗರ, ತೀರ್ಥಹಳ್ಳಿ ಮೂರೂ ಮೈಸೂರು ರಾಜ್ಯದ ಅಂಚಿನ ತಾಲ್ಲೂಕುಗಳು. ತಾಳಗುಪ್ಪ ದಾಟಿ ಸಿದ್ದಾಪುರಕ್ಕೆ ಹೋದರೆ ಅದು ಮುಂಬಯಿ ಸರ್ಕಾರದ ಉತ್ತರ ಕನ್ನಡ. ಆಗುಂಬೆ ಘಾಟಿ ಇಳಿದರೂ ಹುಲಿಕಲ್ ಘಾಟಿ ಇಳಿದರೂ ಮದರಾಸು ಸರ್ಕಾರದ ದಕ್ಷಿಣ ಕನ್ನಡ. ಜೋಗದಲ್ಲಂತೂ ಹೊಳೆಯ ಈ ದಡಕ್ಕೆ ಮೈಸೂರಿನವರ ಬಂಗಲೆ, ಆ ದಡಕ್ಕೆ ಮುಂಬಯಿಯವರ ಬಂಗಲೆ. ಶರಾವತಿ ಇಬ್ಬರನ್ನೂ ಕೇಳದೆ ನಡುವೆ ಧುಮುಕುತ್ತಿದ್ದಳು.

ಜನ ಮಾತ್ರ ಒಂದೇ ಆಗಿದ್ದರು. ಆಡುವ ಮಾತು ಎರಡೂ ಕಡೆ ಕನ್ನಡ. ಹೆಣ್ಣು ಕೊಡುವುದು ತರುವುದು ಗಡಿಯಾಚೆಯೂ ನಡೆಯುತ್ತಿತ್ತು. ಘಟ್ಟದ ಕೆಳಗಿನಿಂದ ಉಪ್ಪು, ಒಣಮೀನು, ತೆಂಗಿನಕಾಯಿ ಹತ್ತಿ ಬಂದವು. ಮೇಲಿನಿಂದ ಅಕ್ಕಿ, ಮೆಣಸು, ಅಡಿಕೆ ಇಳಿದವು. ತೀರ್ಥಹಳ್ಳಿಯ ಎಳ್ಳಮಾವಾಸ್ಯೆ ಜಾತ್ರೆಗೆ ತುಂಗೆಯಲ್ಲಿ ಮುಳುಗು ಹಾಕಲು ಬಂದವನನ್ನು, ಮೂರು ವರ್ಷಕ್ಕೊಮ್ಮೆ ಸಾಗರದ ಮಾರಿಕಾಂಬೆಗೆ ಹರಕೆ ಹೊತ್ತು ಬಂದವಳನ್ನು, ನೀನು ಯಾವ ಸರ್ಕಾರದವನು, ಯಾವ ಸರ್ಕಾರದವಳು ಎಂದು ಕೇಳಿದವರುಂಟೆ?

ಕೇಳುತ್ತಿದ್ದದ್ದು ಕಾಗದ. ಎರಡನೆಯ ಮಹಾಯುದ್ಧದ ಲೆವಿ ಮತ್ತು ಪಡಿತರದ ಕಾಲದಲ್ಲಿ ಒಂದು ಪ್ರಾಂತದ ಧಾನ್ಯ ಇನ್ನೊಂದಕ್ಕೆ ಹೋಗಬೇಕಾದರೆ ಪರವಾನಗಿ ಬೇಕಿತ್ತು. ಬೆಳೆದ ಊರಿಗೂ ಉಣ್ಣುವ ಊರಿಗೂ ನಡುವೆ ಇದ್ದದ್ದು ಒಂದು ಘಟ್ಟ; ಅದರ ಮೇಲೊಂದು ಮುದ್ರೆ. 1940ರ ಹೊತ್ತಿಗೆ ರೈಲು ತಾಳಗುಪ್ಪದವರೆಗೆ ಬಂತು, ಅಲ್ಲೇ ನಿಂತಿತು. ಗಡಿ ಹೋಗಿ ಎಷ್ಟೋ ವರ್ಷವಾಯಿತು, ಹಳಿ ಅಗಲವಾಯಿತು, ಹೊನ್ನಾವರಕ್ಕೆ ಮುಂದುವರಿಸುವ ಮಾತು ಮಾತಾಗಿಯೇ ಉಳಿಯಿತು. ಇದೂ ನಮ್ಮ ಗಡಿಯ ಒಂದು ಪಳೆಯುಳಿಕೆ ಎನ್ನಬೇಕು.

ಆದರೆ ನಮ್ಮ ಪೇಟೆಯನ್ನು ನಿಜವಾಗಿ ಕಟ್ಟಿಹಾಕಿದ್ದ ಗಡಿ ನಕ್ಷೆಯಲ್ಲಿ ಇರಲಿಲ್ಲ. ಅದು ಒಡೆಯನ ಕಣದಲ್ಲಿ, ಮರದ ಕೊಳಗದ ಒಳಗಿತ್ತು.

ಗೇಣಿ ಇಷ್ಟು ಖಂಡುಗವೆಂದು ಮಾತಾಗುತ್ತಿತ್ತು. ಖಂಡುಗಕ್ಕೆ 20 ಕೊಳಗ. ಆದರೆ ಯಾವ ಕೊಳಗ? ಪೇಟೆಯಲ್ಲಿ ನಡೆಯುವ ಕೊಳಗ ಒಂದು, ಗೇಣಿ ಅಳೆಯಲು ಒಡೆಯರ ಮನೆಯಿಂದ ಹೊರಗೆ ಬರುವ ಕೊಳಗ ಇನ್ನೊಂದು, ಅದು ದೊಡ್ಡದು. ಲೆಕ್ಕಕ್ಕೆ ಹಿಡಿಯೋಣ: ಕೊಳಗಕ್ಕೆ ಅರ್ಧ ಸೇರು ಹೆಚ್ಚಾದರೆ ಖಂಡುಗಕ್ಕೆ 10 ಸೇರು ಹೆಚ್ಚಾಯಿತು. 20 ಖಂಡುಗ ಗೇಣಿ ಅಳೆಯುವವನು 200 ಸೇರು ಭತ್ತವನ್ನು ಯಾವ ಪತ್ರದಲ್ಲೂ ಬರೆಯದೆ ಕಳೆದುಕೊಂಡ. ಕದ್ದರೆ ಕಳ್ಳ ಎನ್ನಬಹುದಿತ್ತು. ಇದನ್ನು ಹಾಡುಹಗಲಲ್ಲಿ, ಎಣಿಸಿ, ದೇವರ ಹೆಸರು ಹೇಳಿ ಅಳೆಯುತ್ತಿದ್ದರು.

ಸಾಗರದಿಂದ ಕೂಗಳತೆಯಲ್ಲಿರುವ ಕಾಗೋಡಿನ ದೀವರ ಗೇಣಿದಾರರು ಕೇಳಿದ್ದು ಇಷ್ಟೆ, ಸರಿಯಾದ ಕೊಳಗದಲ್ಲಿ ಅಳೆಯಿರಿ ಎಂದು. ಭೂಮಿ ಕೊಡಿ ಎಂದು ಮೊದಲಿಗೆ ಕೇಳಿದವರಲ್ಲ. ಎಚ್. ಗಣಪತಿಯಪ್ಪನವರ ರೈತ ಸಂಘ ಅವರ ಬೆನ್ನಿಗೆ ನಿಂತಿತು. ಉತ್ತರವಾಗಿ ಉಳುವುದಕ್ಕೇ ತಡೆ ಬಂತು. 1951ರ ಏಪ್ರಿಲ್ 18ರಂದು ಸತ್ಯಾಗ್ರಹ ಶುರುವಾಯಿತು. ನೇಗಿಲು ಹೊತ್ತು ಗದ್ದೆಗೆ ಇಳಿಯುವುದು, ಪೋಲೀಸರು ಹಿಡಿಯುವುದು, ಮಾರನೆಯ ದಿನ ಇನ್ನೊಂದು ತಂಡ ಇಳಿಯುವುದು. ಶಾಂತವೇರಿ ಗೋಪಾಲಗೌಡರು ಮತ್ತು ಸಮಾಜವಾದಿ ಪಕ್ಷದವರು ಜೊತೆಗೂಡಿದರು. ಜೂನ್ ತಿಂಗಳಲ್ಲಿ ಡಾ. ರಾಮಮನೋಹರ ಲೋಹಿಯಾ ಬಂದರು. ಅವರನ್ನು ಬಂಧಿಸಿದ್ದು ನಮ್ಮ ಸಾಗರದ ರೈಲ್ವೆ ಸ್ಟೇಷನ್ನಿನಲ್ಲಿ. ದಿನಾ ಅದೇ ಸ್ಟೇಷನ್ನಿನಲ್ಲಿ ಮೂಟೆ ಇಳಿಸಿಕೊಳ್ಳುವ ನಮ್ಮಲ್ಲಿ ಎಷ್ಟು ಜನಕ್ಕೆ ಇದು ನೆನಪಿದೆ?

ಪೇಟೆಯ ಕೆಲವರಿಗೆ ಅಂದು ಇದು ಹಳ್ಳಿಯ ಜಗಳ ಎನಿಸಿದ್ದರೆ ಆಶ್ಚರ್ಯವಿಲ್ಲ. ಅಂಗಡಿಯ ದೊಡ್ಡ ಖಾತೆ ಒಡೆಯರದು. ಗಿರಣಿಗೆ ಗಾಡಿಗಟ್ಟಲೆ ಭತ್ತ ಬರುವುದೂ ಅವರ ಕಣಜದಿಂದ. ಉಪ್ಪು ತಿಂದ ಮನೆಗೆ ಎದುರು ಮಾತಾಡುವುದು ಹೇಗೆ? ಆದರೆ ಲೆಕ್ಕವನ್ನು ಒಮ್ಮೆ ತಿರುಗಿಸಿ ನೋಡಿ. ಒಬ್ಬ ಒಡೆಯ ವರ್ಷಕ್ಕೆ ಎಷ್ಟು ಸೀರೆ ಕೊಂಡಾನು, ಎಷ್ಟು ಜೊತೆ ಚಪ್ಪಲಿ ಮೆಟ್ಟಿಯಾನು? ಐವತ್ತು ಗೇಣಿ ಮನೆಗಳಲ್ಲಿ 200 ಸೇರು ಭತ್ತ ಉಳಿದರೆ ಅದು ಉಪ್ಪಾಗಿ, ಸೀಮೆಎಣ್ಣೆಯಾಗಿ, ಹುಡುಗನ ಸ್ಲೇಟಾಗಿ ಪೇಟೆಗೇ ಬರಬೇಕು. ದೊಡ್ಡ ಕೊಳಗ ತಿಂದದ್ದು ಗೇಣಿದಾರನ ಅನ್ನವನ್ನು ಮಾತ್ರವಲ್ಲ, ಸಣ್ಣ ಅಂಗಡಿಯ ಗಿರಾಕಿಯನ್ನೂ ತಿಂದಿತು. ಗಿರಣಿಯಲ್ಲಿ ಮೂಟೆ ಹೊರುವವನ ಕೂಲಿಯನ್ನೂ ತಿಂದಿತು, ಯಾಕೆಂದರೆ ಹಳ್ಳಿಯಲ್ಲಿ ಹೊಟ್ಟೆಗಿಲ್ಲದವನು ಬೆಳಗಾಗುವ ಮುಂಚೆ ಅವನಿಗಿಂತ ಎರಡು ಕಾಸು ಕಡಿಮೆಗೆ ಗಿರಣಿ ಬಾಗಿಲಲ್ಲಿ ನಿಂತಿರುತ್ತಿದ್ದ.

1952ರ ಚುನಾವಣೆಯಲ್ಲಿ ಸಾಗರ ಹೊಸನಗರದ ಜನ ಗೋಪಾಲಗೌಡರನ್ನು ವಿಧಾನಸಭೆಗೆ ಕಳಿಸಿದರು. 1956ರಲ್ಲಿ ರಾಜ್ಯಗಳ ಗಡಿ ಹೋಯಿತು. ಅದೇ ವರ್ಷ ಪಾರ್ಲಿಮೆಂಟು ತೂಕ ಅಳತೆಯ ಕಾನೂನು ಮಾಡಿತು, ಕಿಲೋಗ್ರಾಂ ಹಂತಹಂತವಾಗಿ ಬಂದು ಕೊಳಗವನ್ನು ಅಟ್ಟ ಹತ್ತಿಸಿತು. ಉಳುವವನಿಗೆ ಭೂಮಿ ಸಿಕ್ಕಲು ಇನ್ನೂ ಕಾಯಬೇಕಾಯಿತು. ದೇವರಾಜ ಅರಸರ ಕಾಲದ ತಿದ್ದುಪಡಿಯಂತೆ 1974ರ ಮಾರ್ಚ್ 1ರಿಂದ ಗೇಣಿ ಭೂಮಿ ಸರ್ಕಾರಕ್ಕೆ ಸೇರಿ ಗೇಣಿದಾರನಿಗೆ ದಕ್ಕುವ ದಾರಿಯಾಯಿತು. ಗೋಪಾಲಗೌಡರು 1972ರಲ್ಲೇ ತೀರಿಕೊಂಡಿದ್ದರು. ಆ ಕಾನೂನಿನಲ್ಲಿ ಒಂದೆರಡು ಎಕರೆ ಗೇಣಿಗೆ ಕೊಟ್ಟು ಬದುಕುತ್ತಿದ್ದ ವಿಧವೆಯರೂ ನೊಂದರು ಎಂಬುದನ್ನು ನಾವು ಮುಚ್ಚಿಡಬಾರದು. ಆದರೂ ಈ ಪೇಟೆಯ ಸಾಲು ಅಂಗಡಿಗಳು ಯಾರ ದುಡ್ಡಿನಲ್ಲಿ ಬೆಳೆದವು ಎಂದು ನಿಮ್ಮ ನಿಮ್ಮ ಖಾತೆ ಪುಸ್ತಕವನ್ನೇ ಕೇಳಿ. ಹಾಗೆಯೇ ಇನ್ನೊಂದು ಮಾತು, ಕೋಪ ಮಾಡಬೇಡಿ: ತೇವವೆಂದು, ಚೀಲದ ತೂಕವೆಂದು ರೈತನ ಅಡಿಕೆಯಲ್ಲಿ ಎರಡು ಕಿಲೋ ಮುರಿಯುವ ತಕ್ಕಡಿ ನಮ್ಮ ನಡುವೆಯೂ ಇದೆ. ಅದು ಕರೆಂಟಿನಿಂದ ನಡೆಯುತ್ತದೆ ಎಂದ ಮಾತ್ರಕ್ಕೆ ಕೊಳಗವಲ್ಲ ಎನ್ನಲಾಗದು.

ಕರೆಂಟಿನ ಮಾತು ಬಂತು. ಒಂದು ಗಡಿ ಅಳಿಸುತ್ತಿದ್ದಂತೆ ನಮ್ಮ ನಡುವೆ ನೀರಿನ ಗಡಿ ಎದ್ದಿತು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿಯಿತು. 1819 ಅಡಿಯ ಮಟ್ಟದವರೆಗೆ ನೀರು ನಿಂತು ಸಾಗರ ಹೊಸನಗರಗಳ ಹಳ್ಳಿ, ಗದ್ದೆ, ತೋಟ ಮುಳುಗಿದವು. ಹಿಂದೆ ಕಟ್ಟಿದ್ದ ಮಡೆನೂರು ಅಣೆಕಟ್ಟೂ ಮುಳುಗಿತು. ಬೇಸಿಗೆಯಲ್ಲಿ ನೀರು ಇಳಿದಾಗ ಅದರ ಗೋಡೆ ಈಗಲೂ ಮೇಲೇಳುತ್ತದೆ. ಶರಾವತಿಯ ವಿದ್ಯುತ್ತು ಊರೂರಿನ ಕಾರ್ಖಾನೆಗಳಿಗೆ ಹೋಯಿತು. ತಂತಿಯ ಕೆಳಗಿನ ಎಷ್ಟೋ ಮನೆಗಳಲ್ಲಿ ಚಿಮಣಿ ದೀಪವೇ ಉರಿಯಿತು. ತುಮರಿ ಕಡೆಯವರು ಸಾಗರದ ಆಸ್ಪತ್ರೆಗೂ ಮಾರುಕಟ್ಟೆಗೂ ಲಾಂಚ್ ಕಾಯುತ್ತಾ ಕುಳಿತರು. ಅಂಬಾರಗೋಡ್ಲು ಕಳಸವಳ್ಳಿ ನಡುವೆ ಸೇತುವೆ ತೆರೆದದ್ದು 2025ರ ಜುಲೈ 14ರಂದು. ಅರುವತ್ತೊಂದು ವರ್ಷ!

ಸೇತುವೆಯಿಂದ ಪೇಟೆಗೆ ಹೊಸ ವ್ಯಾಪಾರ ಬಂದಿದೆ, ಸಂತೋಷ. ಆದರೆ 2020ರಲ್ಲಿ ಭೂಸುಧಾರಣೆ ಕಾನೂನಿಗೆ ಮತ್ತೊಂದು ತಿದ್ದುಪಡಿ ತಂದು, ಕೃಷಿಕರಲ್ಲದವರು ಕೃಷಿ ಭೂಮಿ ಕೊಳ್ಳಬಾರದೆಂಬ ತಡೆಯನ್ನು ಕಿತ್ತು ಹಾಕಿದರು. ಹಳ್ಳಿಯ ಎರಡೆಕರೆ ಗದ್ದೆಯನ್ನು ಯಾರೋ ರಜೆಯ ಮನೆಗಾಗಿ ಕೊಂಡರೆ, ಆ ಮನೆಯ ಬೀಗ ತೆರೆಯುವುದು ವರ್ಷಕ್ಕೆ ನಾಲ್ಕು ದಿನ. ಅಂಗಡಿಗೆ ಬರುವ ಗಿರಾಕಿ ಒಂದು ಸಂಸಾರ ಕಡಿಮೆಯಾಯಿತು, ಗಿರಣಿ ಬಾಗಿಲಲ್ಲಿ ನಿಲ್ಲುವವರು ಇಬ್ಬರು ಹೆಚ್ಚಾದರು.

ಇನ್ನು ಮುಳುಗಡೆಯವರು. ನಾಡಿಗೆ ದೀಪ ಕೊಡಲೆಂದು ಮನೆ ಬಿಟ್ಟವರನ್ನು ಕಾಡಿನ ಅಂಚಿನಲ್ಲಿ ಇಳಿಸಿದರು. ಅವರ ಮೊಮ್ಮಕ್ಕಳಲ್ಲಿ ಎಷ್ಟೋ ಮಂದಿ ಉಳುವ ನೆಲಕ್ಕೆ ಇನ್ನೂ ಹಕ್ಕುಪತ್ರಕ್ಕಾಗಿ ಕಚೇರಿ ಅಲೆಯುತ್ತಿದ್ದಾರೆ. ಪತ್ರವಿಲ್ಲದೆ ಬ್ಯಾಂಕಿನ ಸಾಲವಿಲ್ಲ, ಸಾಲವಿಲ್ಲದೆ ಗೊಬ್ಬರವಿಲ್ಲ. ಕಡೆಗೆ ಅವರು ಬರುವುದು ನಿಮ್ಮ ಅಂಗಡಿಯ ಉದ್ದರಿ ಪುಸ್ತಕಕ್ಕೇ. ಮುಂದಿನ ಸಾರಿ ಅವರು ಅರ್ಜಿ ಹಿಡಿದು ತಾಲ್ಲೂಕು ಕಚೇರಿಯ ಮುಂದೆ ಕುಳಿತಾಗ ಅಂಗಡಿ ಬಾಗಿಲು ಅರ್ಧ ದಿನ ಮುಚ್ಚಿ, ಗಿರಣಿಯವರು ಒಂದು ಪಾಳಿ ಬಿಟ್ಟು, ನಾವೂ ಹೋಗಿ ಕೂರೋಣವೇ? ಇದನ್ನು ಇವತ್ತೇ ತೀರ್ಮಾನ ಮಾಡಿ ಎದ್ದರೆ ಒಳ್ಳೆಯದು.