ಅಗ್ಗದ ಒಲೆಯ ಬೆಲೆ ಯಾರು ತೆರಬೇಕು?

(ತಾಲ್ಲೂಕು ಕಾರ್ಯಕರ್ತರ ಶಿಬಿರದಲ್ಲಿ ಮಾಡಿದ ಭಾಷಣ)



ಕಾಡು ಉಳಿಸುವಂಥ ಸಾಮಾನು ಬಡವರ ಕೈಗೆ ಎಟುಕುವುದಿಲ್ಲ, ಪರಿಸರದ ಮಾತು ಉಳ್ಳವರ ಶೋಕಿ ಎಂದು ನಮ್ಮವರಲ್ಲೇ ಕೆಲವರು ನಂಬಿದ್ದಾರೆ. ಅದು ತಪ್ಪೆನ್ನುವುದಕ್ಕೆ ನಮ್ಮ ನಾಡಿನ ಒಂದು ಮಣ್ಣಿನ ಒಲೆಯೇ ಸಾಕ್ಷಿ.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಪ್ರೊ. ಅಮೂಲ್ಯ ರೆಡ್ಡಿಯವರ ಮುಂದಾಳುತನದಲ್ಲಿ 'ಅಸ್ತ್ರ' ವಿಭಾಗ ಆರಂಭವಾಯಿತು. ವಿಜ್ಞಾನವನ್ನು ಹಳ್ಳಿಗೆ ಒಯ್ಯುವುದು ಅದರ ಗುರಿ. ತುಮಕೂರು ಜಿಲ್ಲೆಯ ಉಂಗ್ರದ ಸುತ್ತಿನ ಹಳ್ಳಿಗಳಲ್ಲಿ ಮನೆಮನೆಯ ಸೌದೆಯ ಲೆಕ್ಕ ತೆಗೆದರು. 1980ರ ದಶಕದ ಆರಂಭದಲ್ಲಿ ಮೂರು ಪಾತ್ರೆಯ ಅಸ್ತ್ರ ಒಲೆ ರೂಪುಗೊಂಡಿತು.

ಹಳೆಯ ಒಲೆಯಲ್ಲಿ ಕಾವಿನ ಬಹುಪಾಲು ಪಾತ್ರೆಯ ಪಕ್ಕದಿಂದ ಹಾರಿಹೋಗುತ್ತದೆ. ಹೊಗೆ ಹೆಂಗಸಿನ ಕಣ್ಣಿಗೆ, ಎದೆಗೆ ಸೇರುತ್ತದೆ. ಅಸ್ತ್ರ ಒಲೆಯಲ್ಲಿ ಸೌದೆ ಜಾಲರಿಯ ಮೇಲೆ ಉರಿಯುತ್ತದೆ. ಕೆಳಗಿನಿಂದ ಬೇಕಾದಷ್ಟೇ ಗಾಳಿ ಬರುತ್ತದೆ. ಮೊದಲ ಪಾತ್ರೆ ಕಾಯಿಸಿದ ಬಿಸಿಯೇ ಎರಡನೆಯದರ, ಮೂರನೆಯದರ ಅಡಿ ಹಾದುಹೋಗುತ್ತದೆ. ಹೊಗೆ ಕೊಳವೆಯಿಂದ ಹೊರಗೆ. ಅನ್ನ ಬೇಯುವ ಸೌದೆಯಲ್ಲೇ ಸಾರೂ ಕುದಿಯಿತು, ನೀರೂ ಕಾದಿತು! ಒಲೆಯ ಒಡಲು ಮಣ್ಣಿನದೇ. ದುಡ್ಡು ಕೊಟ್ಟು ತರಬೇಕಾದ್ದು ಮುಖ್ಯವಾಗಿ ಜಾಲರಿ ಮತ್ತು ಕೊಳವೆ.

ಇದು ಅಗ್ಗವಾದದ್ದು ಹೇಗೆ? ಕೂಲಿ ಕಡಿದಲ್ಲ, ಕಳಪೆ ಮಾಲು ಹಾಕಿಯೂ ಅಲ್ಲ. ಬುದ್ಧಿಯನ್ನು ಧಾರಾಳವಾಗಿ ಖರ್ಚುಮಾಡಿ ಸಾಮಾನು ಉಳಿಸಿದರು. 1952ರಲ್ಲಿ ಪಚ್‌ಮಢಿಯಲ್ಲಿ ಡಾ. ಲೋಹಿಯಾ ಹೇಳಿದ ಸಣ್ಣ ಯಂತ್ರದ ತತ್ವಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕೆ?

ಆದರೆ ಒಂದು ಕಹಿ ಸತ್ಯವನ್ನೂ ಹೇಳಬೇಕು. ಸರ್ಕಾರಿ ಯೋಜನೆಗಳಲ್ಲಿ ಕಟ್ಟಿದ ಒಲೆಗಳನ್ನು ಎಣಿಸಿದರು. ಉರಿಯುತ್ತಿರುವ ಒಲೆಗಳನ್ನು ಅಷ್ಟು ಶ್ರದ್ಧೆಯಿಂದ ಎಣಿಸಲಿಲ್ಲ. ಒಲೆಯ ಬಾಯಿ ಮನೆಯ ಪಾತ್ರೆಗೆ ಹೊಂದದಿದ್ದರೆ ಸಂದಿಯಲ್ಲಿ ಕಾವು ಸೋರುತ್ತದೆ. ಕೊಳವೆಯ ಮಸಿ ತೆಗೆಯದಿದ್ದರೆ ಹೊಗೆ ಮತ್ತೆ ಒಳಗೇ ತಿರುಗುತ್ತದೆ. ಆಗ ಒಲೆ ಮೂಲೆ ಸೇರುತ್ತದೆ; ದೂರು ಮಾತ್ರ ಹೆಂಗಸರ ಮೇಲೆ! ಅಳತೆ ತಪ್ಪಿಸಿ ಉಳಿಸಿದ ಕಾಸು ಉಳಿತಾಯವಲ್ಲ. ಅದನ್ನು ಆಕೆ ತನ್ನ ಎದೆಯಿಂದ ತೆರುತ್ತಾಳೆ.

2016ರಲ್ಲಿ ಉಜ್ವಲಾ ಯೋಜನೆ ಬಂತು. ಅನಿಲ ಬರಲಿ, ಅದು ನಮ್ಮ ಹಕ್ಕೂ ಹೌದು. ಆದರೆ ಸಿಲಿಂಡರ್ ಮುಗಿದ ದಿನ ಕೈಯಲ್ಲಿ ದುಡ್ಡಿಲ್ಲದ ಮನೆಯಲ್ಲಿ ಮತ್ತೆ ಸೌದೆಯೇ ಗತಿ.

ಆದ್ದರಿಂದ ನಮ್ಮ ಒತ್ತಾಯ ಇಷ್ಟು: ಒಲೆ ಕಟ್ಟುವ ಮುನ್ನ ಅಡಿಗೆ ಮಾಡುವವಳನ್ನು ಕೇಳಿ. ಕಟ್ಟುವವನಿಗೆ ತರಬೇತಿ ಕೊಡಿ, ನ್ಯಾಯವಾದ ಕೂಲಿ ಕೊಡಿ. ವರ್ಷ ಕಳೆದ ಮೇಲೆ ಬಂದು ನೋಡಿ. ಬಡವರ ಸಾಮಾನು ಅಗ್ಗವಾಗಿರಲಿ. ಬಡವರ ಜೀವ ಅಗ್ಗವಾಗುವುದು ಬೇಡ.