ಮಾಸ್ತರು, ಕೃಷಿಕ, ಪಂಚಾಯತು ಅಧ್ಯಕ್ಷ: ಕಯ್ಯಾರ ಕಿಞ್ಞಣ್ಣ ರೈಯವರು

(ಚೆಂಬೂರಿನ ನಮ್ಮ ಉಚಿತ ವಾಚನಾಲಯದಲ್ಲಿ ಮಾಡಿದ ಭಾಷಣ)



ಪಾಳಿ ಮುಗಿಸಿ, ಲೋಕಲ್ ಗಾಡಿಯ ನೂಕುನುಗ್ಗಲಿನಿಂದ ನೇರವಾಗಿ ಇಲ್ಲಿಗೆ ಬಂದವರು ನಿಮ್ಮಲ್ಲಿ ಅನೇಕರು. ಆದುದರಿಂದ ಪೀಠಿಕೆ ಬೇಡ. ಕಾಸರಗೋಡಿನ ಕಡೆಯವರಿಗೆ ಕಯ್ಯಾರರ ಹೆಸರು ಹೊಸತಲ್ಲ. ಉಳಿದವರಿಗಾಗಿ ನಾಲ್ಕು ಮಾತು.

1915ರ ಜೂನ್ 8ರಂದು ಹುಟ್ಟಿದ ರೈಯವರು ಪೆರಡಾಲದ ನವಜೀವನ ಹೈಸ್ಕೂಲಿನಲ್ಲಿ ಮಾಸ್ತರರಾಗಿದ್ದರು. ಪಾಠ ಹೇಳುವ ಕೈಯೇ ಮಣ್ಣಿನಲ್ಲಿಯೂ ದುಡಿಯಿತು. ಕವಿಯೆಂದು ಹೆಸರಾದ ಮೇಲೂ ಅವರು ಕೃಷಿಯನ್ನು ಬಿಡಲಿಲ್ಲ. ತಮ್ಮ ಆತ್ಮಕಥೆಗೆ ‘ದುಡಿತವೇ ನನ್ನ ದೇವರು’ ಎಂದು ಅವರು ಹೆಸರಿಟ್ಟುದು ಬರಿಯ ಅಲಂಕಾರವಲ್ಲ. ಬದಿಯಡ್ಕ ಪಂಚಾಯತಿನ ಅಧ್ಯಕ್ಷರಾಗಿಯೂ ಊರಿನ ಕೆಲಸ ಮಾಡಿದರು. ದೊಡ್ಡ ಶಾಸನಸಭೆಯಲ್ಲ, ನಿಜ. ಆದರೆ ಹಳ್ಳಿಯವನಿಗೆ ಸರಕಾರವೆಂದರೆ ಮೊದಲು ಪಂಚಾಯತಲ್ಲವೇ?

1956ರ ನವೆಂಬರ್ 1ರಂದು ಕಾಸರಗೋಡು ತಾಲೂಕು ಕೇರಳಕ್ಕೆ ಸೇರಿತು. ಮನೆ ಇದ್ದಲ್ಲಿಯೇ ಇತ್ತು, ರಾಜ್ಯ ಬದಲಾಯಿತು! ನಾವಾದರೋ ಹೊಟ್ಟೆಪಾಡಿಗಾಗಿ ನಾವೇ ಟಿಕೀಟು ತೆಗೆದು ಪರಭಾಷೆಯ ನಾಡಿಗೆ ಬಂದವರು, ಅವರದು ಹಾಗಲ್ಲ. 1957ರ ಚುನಾವಣೆಯಲ್ಲಿ ಮಂಜೇಶ್ವರದ ಜನ ಎಂ. ಉಮೇಶ ರಾಯರನ್ನು ಅವಿರೋಧವಾಗಿ ಆರಿಸಿ ಕೇರಳದ ಸಭೆಗೆ ಕಳುಹಿದರು. ಕಾಸರಗೋಡು ಕನ್ನಡನಾಡಿಗೆ ಸೇರಬೇಕೆಂಬ ಚಳವಳಿಯಲ್ಲಿ ರೈಯವರು ಮುಂದೆ ನಿಂತರು. ಅವರ ಕವಿತೆಗಳು ಜನರ ಬಾಯಿಗೆ ಬಂದವು. ಚಂದ್ರಗಿರಿ ಹೊಳೆಯ ಉತ್ತರದ ಭಾಗ ಮೈಸೂರು ರಾಜ್ಯಕ್ಕೆ ಸೇರತಕ್ಕದ್ದೆಂದು ಮಹಾಜನ ಆಯೋಗ 1967ರಲ್ಲಿ ಹೇಳಿತು. ವರದಿ ವರದಿಯಾಗಿಯೇ ಉಳಿಯಿತು.

ನಮಗೆ ಎಲ್ಲಕ್ಕಿಂತ ದೊಡ್ಡದಾಗಿ ಕಾಣುವುದು ಇನ್ನೊಂದು ಸಂಗತಿ. ಕೇರಳಕ್ಕೆ ಸೇರಿಸಿದುದನ್ನು ಜೀವಮಾನವೆಲ್ಲ ವಿರೋಧಿಸಿದ ಈ ಮನುಷ್ಯರೇ ಮಲಯಾಳದ ಮಹಾಕವಿ ಕುಮಾರನ್ ಆಶಾನರ ಕಾವ್ಯಗಳನ್ನು ಕನ್ನಡಕ್ಕೆ ತಂದರು. ಜಗಳ ಗಡಿಯೊಡನೆ, ನೆರೆಯವನ ನುಡಿಯೊಡನೆ ಅಲ್ಲ. ಮರಾಠಿ ನೆರೆಯವರ ನಡುವೆ ಚಾಳಿನಲ್ಲಿ ಬದುಕಿ, ಮಕ್ಕಳಿಗೆ ಕನ್ನಡ ಕಲಿಸಬೇಕೆನ್ನುವ ನಮಗೆ ಇದರ ಬೆಲೆ ಬೇಗ ತಿಳಿಯುತ್ತದೆ. ತುಳುವಿನಲ್ಲಿಯೂ ಅವರು ಬರೆದರೆಂಬುದನ್ನು ನಮ್ಮ ತುಳುವ ಮಿತ್ರರು ಮರೆಯಲಾರರು.

1997ರಲ್ಲಿ ಮಂಗಳೂರಿನ ಸಾಹಿತ್ಯ ಸಮ್ಮೇಳನಕ್ಕೆ ಅವರೇ ಅಧ್ಯಕ್ಷರು. ನೂರು ತುಂಬಿದ ಎರಡು ತಿಂಗಳಿಗೆ, 2015ರ ಆಗಸ್ಟ್ 9ರಂದು, ತೀರಿಕೊಂಡರು. ಅಂದು ಕೂಡ ಕಾಸರಗೋಡು ಕೇರಳದಲ್ಲಿಯೇ ಇತ್ತು. ಅಲ್ಲಿನ ಶಾಲೆಗಳಲ್ಲಿ ಮಕ್ಕಳು ಕನ್ನಡವನ್ನೂ ಓದುತ್ತಿದ್ದರು.